ಆರಿದೆ ಅಂದುಕೊಂಡು ಸುರಿದೆ. ಮೇಜಿನ ಮೇಲಿಡುವ ಬೆಂಕಿ ಬಟ್ಟಲು ದಯವಿಟ್ಟು ಕೊಳ್ಳಬೇಡಿ

ಎಡಗೈಯಲ್ಲಿ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಸಹಿಸಿಕೊಳ್ಳಿ. ಬಲಗೈಗೆ ಮೊಣಕೈವರೆಗೂ ಬ್ಯಾಂಡೇಜ್. ನನ್ನ ಕೈ ಹಾಳಾಗಿ ಹೋಗಲಿ, ನನ್ನ ತಂಗಿಯ ಕುತ್ತಿಗೆ, ಗಲ್ಲ ಸುಟ್ಟಿದೆ. ಬಾಟಲಿ ಹಿಡಿದಿದ್ದವನು ನಾನು. ಅವಳು ಎದುರಿಗೆ ಸುಮ್ನೆ ಕೂತಿದ್ದಳು, ಅಷ್ಟೇ.

ಅಲಂಕಾರಕ್ಕೆ ಅಂತ ಮಾರುತ್ತಾರಲ್ಲ, ಮೇಜಿನ ಮೇಲಿಡುವ ಪುಟ್ಟ ಫೈರ್‌ಪ್ಲೇಸ್. ಸಿಮೆಂಟಿನ ಬಟ್ಟಲು, ನಡುವೆ ಸ್ಟೀಲ್ ಕಪ್, ಸುತ್ತ ಬಿಳಿ ಕಲ್ಲುಗಳು. ಕಪ್ಪಿಗೆ ಎಥನಾಲ್ ಅನ್ನುವ ಸ್ಪಿರಿಟ್ ಇಂಧನ ಸುರಿದು ಕಡ್ಡಿ ಗೀರಿದರೆ ಮುಗಿಯಿತು. "ಹೊಗೆ ಇಲ್ಲ, ಬೂದಿ ಇಲ್ಲ, ಮನೆಯೊಳಗೆ ಪೂರ್ತಿ ಸುರಕ್ಷಿತ." ಆನ್‌ಲೈನ್‌ನಲ್ಲಿ ನೋಡಿದೆ, ಮರುಳಾದೆ, ತರಿಸಿದೆ. ಗ್ಯಾಸ್ ನಾಬ್ ಮುಚ್ಚಿದೆಯಾ ಅಂತ ದಿನಾ ಎರಡೆರಡು ಸಲ ನೋಡುವ ಮನುಷ್ಯ ನಾನು. ಬೇರೆಯವರಿಗೆ ಬುದ್ಧಿ ಹೇಳುವುದರಲ್ಲಿ ಎತ್ತಿದ ಕೈ. ಅದಕ್ಕೇ ಇದನ್ನು ಬರೆಯಲು ನಾಚಿಕೆ ಆಗುತ್ತಿದೆ.

ಆ ಸಂಜೆ ಒಂದು ಕಪ್ ಉರಿದು ಮುಗಿಯಿತು. ಜ್ವಾಲೆ ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ಹೋಯಿತು. ಇನ್ನೊಂದು ಸ್ವಲ್ಪ ಹಾಕೋಣ ಅಂದೆ. ಕತ್ತಲಲ್ಲಿ ಸುರಿಯುವುದು ಬೇಡ, ಚೆಲ್ಲಿಬಿಡುತ್ತದೆ ಅಂತ ತಂಗಿಗೆ ಲೈಟ್ ಹಾಕಲು ನಾನೇ ಹೇಳಿದೆ. ಅವಳು ಟ್ಯೂಬ್‌ಲೈಟ್ ಹಾಕಿ ಬಂದು ಕೂತಳು. ಬಗ್ಗಿ ನೋಡಿದೆ. ಸ್ಟೀಲ್ ಕಪ್ ಹೊಳೆಯುತ್ತಿತ್ತು. ಬೆಂಕಿ ಇಲ್ಲ. ದೇವರಾಣೆಗೂ ಬೆಂಕಿ ಇರಲಿಲ್ಲ, ಅಂದರೆ ನನಗೆ ಕಾಣಲಿಲ್ಲ. ಎಥನಾಲ್ ಉರಿಯುವುದು ತೆಳು ನೀಲಿಯಾಗಿ. ಬೆಳಕಿದ್ದರೆ ಅದು ಕಣ್ಣಿಗೆ ಕಾಣುವುದೇ ಕಷ್ಟ. ಜೋಪಾನವಾಗಿರಲಿ ಅಂತ ಹಾಕಿಸಿದ ಲೈಟೇ ಬೆಂಕಿಯನ್ನು ಮುಚ್ಚಿಟ್ಟಿತು.

ಬಾಟಲಿ ಬಗ್ಗಿಸಿದೆ. ಭುಗ್ ಅಂತ ಒಂದು ಸದ್ದು. ಜೋರು ಸದ್ದೇನೂ ಅಲ್ಲ, ಗ್ಯಾಸ್ ಒಲೆ ತಡವಾಗಿ ಹತ್ತಿಕೊಂಡಾಗ ಬರುತ್ತದಲ್ಲ, ಅಂಥದ್ದು. ನನ್ನ ಕೈಯಲ್ಲಿದ್ದ ಬಾಟಲಿ ಒಮ್ಮೆ ಉಬ್ಬಿದ ಹಾಗಾಯಿತು. ಅದರ ಬಾಯಿಂದ ಬೆಂಕಿ ಪಿಚಕಾರಿ ಹೊಡೆದ ಹಾಗೆ ಮೇಜು ದಾಟಿ ನೇರ ತಂಗಿಯ ಮೇಲೆ ಹೋಯಿತು. ನನ್ನ ತೋಳು ಉರಿಯುತ್ತಿರುವುದು ಗೊತ್ತಾಗಿದ್ದು ಆಮೇಲೆ, ಕೂದಲು ಸುಟ್ಟ ವಾಸನೆ ಬಂದಾಗ. ಹೊದಿಕೆ ಎಳೆದು ಅವಳ ಮೇಲೆ ಹಾಕಿ ಅದುಮಿದೆ. ನಲ್ಲಿ ಕೆಳಗೆ ಹಿಡಿದೆ. ಐದು ನಿಮಿಷಕ್ಕೇ ಗಾಬರಿಯಲ್ಲಿ ಎಬ್ಬಿಸಿಕೊಂಡು ಓಡಿದೆ. ಅದೂ ತಪ್ಪಂತೆ. ಹರಿಯುವ ತಣ್ಣೀರು 20 ನಿಮಿಷ ಬೇಕು ಅಂತ ಡಾಕ್ಟರ್ ಅಂದರು. ಅಷ್ಟರಲ್ಲಿ ಮನೆಯಲ್ಲಿ ಯಾರೋ ನನ್ನ ಕೈಗೆ ಟೂತ್‌ಪೇಸ್ಟ್ ಬಳಿದಿದ್ದರು. ಅದನ್ನು ತೊಳೆದು ತೆಗೆಯುವಾಗ ಕಿರುಚಿಕೊಂಡಿದ್ದೇನೆ. ಟೂತ್‌ಪೇಸ್ಟ್, ಐಸ್ ಯಾವುದೂ ಹಚ್ಚಬೇಡಿ.

ಈಗ ಮಾರಿದವರ ಮಾತು ಕೇಳಿ. ಚಾಟ್ ಇನ್ನೂ ಫೋನಿನಲ್ಲಿದೆ, ದಿನಕ್ಕೆ ಹತ್ತು ಸಲ ಓದುತ್ತೇನೆ.

"ಸರ್, ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ." ಅನಾನುಕೂಲ! ಪಾರ್ಸೆಲ್ ಎರಡು ದಿನ ತಡವಾದರೆ ಹೇಳುವ ಮಾತು ಅದು.

"ಬಿಸಿ ಇರುವಾಗ ತುಂಬಿಸಿದ್ರಾ ಸರ್?"

ಬೆಂಕಿ ಆರಿತ್ತು ಅಂತ ಬರೆದೆ.

"ಆರಿದ್ದರೆ ಹತ್ತಿಕೊಳ್ಳುತ್ತಿರಲಿಲ್ಲ ಅಲ್ವಾ ಸರ್?"

ಇದಕ್ಕೆ ಏನು ಹೇಳಲಿ? ಬಹಳ ಹೊತ್ತು ಫೋನ್ ಹಿಡಿದು ಕೂತೆ. ಪೆದ್ದನ ಹಾಗೆ ಕೂತೆ. ಅಲ್ರೀ, ಆರಿದ್ದರೂ ಉರಿಯುತ್ತಿದ್ದರೂ ಒಂದೇ ಥರ ಕಾಣುವ ವಸ್ತು ಮಾರಿ, ಆರಿದ ಮೇಲೆ ತುಂಬಿಸಿ ಅಂತ ಬರೆಯುವುದು ಯಾವ ನ್ಯಾಯ? ಆ ಸೂಚನೆಯಾದರೂ ಎಲ್ಲಿತ್ತು? ಮಡಚಿದ ಕಾಗದದ ನಾಲ್ಕನೇ ಪುಟ, ಇರುವೆ ಸಾಲಿನಂಥ ಅಕ್ಷರ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಇದ್ದದ್ದು "ಪೂರ್ತಿ ಸುರಕ್ಷಿತ" ಅನ್ನುವುದೊಂದೇ.

"ಬಳಸಿದ ವಸ್ತು ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ ಸರ್. ಸೂಚನೆ ಪಾಲಿಸದಿದ್ದರೆ ನಾವು ಜವಾಬ್ದಾರರಲ್ಲ."

ಆಮೇಲೆ ಅವರ ಜಾಹೀರಾತಿನ ವಿಡಿಯೋ ಮತ್ತೆ ಹಾಕಿ ನೋಡಿದೆ. ಬೆಂಕಿ ನರ್ತಿಸುತ್ತಿದೆ, ಸುತ್ತ ಎಲ್ಲರೂ ನಗುತ್ತಿದ್ದಾರೆ. ಮೇಜಿನ ತುದಿಯಲ್ಲಿ, ಉರಿಯುವ ಬಟ್ಟಲಿನಿಂದ ಒಂದು ಗೇಣು ದೂರದಲ್ಲಿ, ಇಂಧನದ ಬಾಟಲಿ. ಮುಚ್ಚಳ ತೆಗೆದಿದೆ. ಕೊಳ್ಳುವ ಮುಂಚೆ ಇದೇ ವಿಡಿಯೋ ಎಷ್ಟು ಸಲ ನೋಡಿದ್ದೆ. ಆ ಬಾಟಲಿ ಒಂದು ಸಲವೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಓದಿಕೊಂಡೆ. ಮೊದಲೇ ಓದಬೇಕಿತ್ತು, ಗೊತ್ತು. ಎಥನಾಲ್ ಸುಮಾರು 13 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಕೋಣೆಯ ಬಿಸಿ ಸಾಕು. ಅರ್ಧ ಖಾಲಿಯಾದ ಬಾಟಲಿಯಲ್ಲಿ ಆವಿಯೂ ಗಾಳಿಯೂ ಬೆರೆತು ಕಿಡಿಗೆ ಕಾಯುತ್ತಿರುತ್ತವೆ. ಸುರಿಯುವ ಧಾರೆ ಹಿಡಿದು ಬೆಂಕಿ ಒಳಗೆ ನುಗ್ಗಿದರೆ ಆ ಆವಿ ಒಮ್ಮೆಲೇ ಹತ್ತಿ, ಉಳಿದ ಇಂಧನವನ್ನೆಲ್ಲ ಬಾಯಿಂದ ಹೊರಗೆ ಎಸೆಯುತ್ತದೆ. ಬಾಟಲಿಯ ಬಾಯಿಗೆ ಒಂದು ಲೋಹದ ಜಾಲರಿ ಇದ್ದರೆ ಬೆಂಕಿ ಒಳಗೆ ಹೋಗದಂತೆ ತಡೆಯಬಹುದು. ನನ್ನ ಬಾಟಲಿಗೆ ಬರೀ ಬಾಯಿ ಇತ್ತು, ಜಾಲರಿ ಇರಲಿಲ್ಲ.

ಇದೇನು ಯಾರಿಗೂ ಗೊತ್ತಿಲ್ಲದ ಗುಟ್ಟಾ? ಆಸ್ಟ್ರೇಲಿಯಾದಲ್ಲಿ 2017ರಲ್ಲೇ ನಿಯಮ ಬಂದಿದೆ. ಮೇಜಿನ ಮೇಲಿಡುವ ಇಂಥದ್ದು ಕನಿಷ್ಠ 8 ಕೆಜಿ ತೂಗಬೇಕು, ತಳ 900 ಚದರ ಸೆಂಟಿಮೀಟರ್ ಇರಬೇಕು, ಇಂಧನ ತುಂಬುವಾಗ ಬೆಂಕಿ ಒಳಗೆ ನುಗ್ಗದಂತೆ ಜಾಲರಿಯಂಥ ಒಂದು ವ್ಯವಸ್ಥೆ ಬೇಕು. ನನ್ನದನ್ನು ಮಗು ಒಂದೇ ಕೈಯಲ್ಲಿ ಎತ್ತಬಹುದು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2024ರ ಡಿಸೆಂಬರ್‌ನಲ್ಲಿ ನೇರವಾಗಿ ಹೇಳಿಬಿಟ್ಟಿದೆ: ತೆರೆದ ಕಪ್ಪಿಗೆ ಇಂಧನ ಸುರಿಯುವ ಇಂಥವನ್ನು ಬಳಸುವುದು ನಿಲ್ಲಿಸಿ. 2019ರಿಂದ ಅಷ್ಟರವರೆಗೆ ಇಬ್ಬರು ಸತ್ತಿದ್ದರು, ಕನಿಷ್ಠ 60 ಜನ ಗಾಯಗೊಂಡಿದ್ದರು. ಒಂದು ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಚರ್ಮದ ಪೂರ್ತಿ ಆಳಕ್ಕೆ ಸುಡಬಹುದಂತೆ. ನಂಬುತ್ತೇನೆ. ತಂಗಿಗೆ ಮುಖ ತಿರುಗಿಸಲೂ ಸಮಯ ಸಿಗಲಿಲ್ಲ.

ಆದ್ದರಿಂದ ಕೊಳ್ಳಬೇಡಿ. ಉಡುಗೊರೆ ಬಂದಿದ್ದರೆ ಕಲ್ಲು ತುಂಬಿಸಿ ಶೋಕೇಸಿನಲ್ಲಿಡಿ, ಇಂಧನ ಮಾತ್ರ ಮುಟ್ಟಬೇಡಿ. "ನಾವು ವರ್ಷದಿಂದ ಬಳಸುತ್ತಿದ್ದೇವೆ, ಏನೂ ಆಗಿಲ್ಲ" ಅಂತ ದಯವಿಟ್ಟು ನನಗೆ ಬರೆಯಬೇಡಿ. ಆ ಸಂಜೆಯವರೆಗೆ ನನಗೂ ಏನೂ ಆಗಿರಲಿಲ್ಲ.

ತಂಗಿ ನನ್ನನ್ನು ಒಂದು ಮಾತೂ ಅಂದಿಲ್ಲ. "ಲೈಟ್ ಹಾಕಿದ್ದು ನಾನೇ ಅಲ್ವಾ ಅಣ್ಣ" ಅಂದಳು, ನಿನ್ನೆ ಡ್ರೆಸ್ಸಿಂಗ್ ಬದಲಿಸುವಾಗ.

ಇಷ್ಟು ಬರೆಯುವ ಹೊತ್ತಿಗೆ ಮಾರಿದವರಿಂದ ಇನ್ನೊಂದು ಮೆಸೇಜ್ ಬಂತು. ನನ್ನ ದೂರು ಬಗೆಹರಿದಿದೆಯಂತೆ. ಜೊತೆಗೆ ಒಂದು ರಿಯಾಯಿತಿ ಕೂಪನ್. ಇಂಧನದ ಬಾಟಲಿಗೆ ಮಾತ್ರ ಅನ್ವಯ.