ಮಕ್ಕಳ ರೂಮಿಗೆ ಬಚ್ಚಲು ಕಟ್ಟಿಸಿ ಬಾಡಿಗೆಗೆ ಕೊಡುವ ಮುಂಚೆ

ದೇವರ ಮನೆಯ ಬಲ್ಬಿನ ಸುತ್ತ ಒಂದು ಒದ್ದೆ ಉಂಗುರ. ಮೊದಲು ಕಂಡದ್ದು ಅಷ್ಟೇ. ಬೆಂಗಳೂರಿನ 30×40 ಸೈಟಿನ ಮನೆ, 1990ರ ದಶಕದಲ್ಲಿ ಕಟ್ಟಿದ್ದು. ಮಗಳು ಮದುವೆಯಾಗಿ ಹೋಗಿದ್ದಳು, ಮಗನಿಗೆ ಪುಣೆಯಲ್ಲಿ ಕೆಲಸ. ಮಹಡಿಯ ಮೇಲೆ ಖಾಲಿ ಬಿದ್ದಿದ್ದ 11×12 ಅಡಿಯ ರೂಮಿನ ಮೂಲೆಯಲ್ಲಿ 5×7ರ ಬಚ್ಚಲು, ಕಿಟಕಿಯ ಪಕ್ಕ ಅಡಿಗೆ ಕಟ್ಟೆ ಮಾಡಿಸಿ ಬಾಡಿಗೆಗೆ ಕೊಟ್ಟಿದ್ದರು. ಎಂಟು ತಿಂಗಳ ನಂತರ ಕೆಳಗೆ ಈ ಉಂಗುರ. ಪುಟ್ಟಿ ಹಚ್ಚಿ ಬಣ್ಣ ಹೊಡೆಸಿದರು. ಮುಂದಿನ ಎರಡು ತಿಂಗಳಲ್ಲಿ ಅದು ಹಾಲಿನ ಫ್ಯಾನಿನವರೆಗೆ ಹರಡಿತು, ಫ್ಯಾನಿನ ಕಪ್ಪಿನಿಂದ ನೀರು ತೊಟ್ಟಿಕ್ಕಲು ಶುರುವಾಯಿತು. ಕೊನೆಗೆ ಬಾಡಿಗೆಯವರನ್ನು ಬಿಡಿಸಿ, ಅಡ್ವಾನ್ಸ್ ವಾಪಸ್ ಕೊಟ್ಟು, ಹೊಸ ಬಚ್ಚಲನ್ನು ಪೂರ್ತಿ ಒಡೆದು ತೆಗೆಯಬೇಕಾಯಿತು.

ಇದು ಒಂದು ಮನೆಯ ಕಥೆಯಲ್ಲ. ಖಾಲಿ ರೂಮನ್ನು 'ಸಿಂಗಲ್ ರೂಮ್' ಮಾಡಿ ಕೊಡುವ ಹಳೇ ಮನೆಗಳಲ್ಲಿ ಇವೇ ತಪ್ಪುಗಳು ಇದೇ ಕ್ರಮದಲ್ಲಿ ನಡೆಯುತ್ತವೆ. ಆದ್ದರಿಂದ ಎಲ್ಲಿ ಏನು ಕೆಟ್ಟಿತು ಎಂದು ಬಿಡಿಸಿ ಬರೆದಿದ್ದೇವೆ.

ಎಲ್ಲಕ್ಕೂ ಮೂಲ ಜಾಗದ ಆಯ್ಕೆ. ಹೊರಗೋಡೆಯ ಕಿಟಕಿಯ ಬೆಳಕು ರೂಮಿಗೇ ಇರಲಿ ಎಂದು ಬಚ್ಚಲನ್ನು ಒಳಮೂಲೆಗೆ ತಳ್ಳಿದ್ದರು. ಅಲ್ಲಿಂದ ಹೊರಗಿನ ಸಂಡಾಸಿನ ಪೈಪಿಗೆ 12 ಅಡಿ ದೂರ. 4 ಇಂಚಿನ (110 ಎಂ.ಎಂ.) ಪೈಪಿನಲ್ಲಿ ಮಲ ನೀರಿನ ಜೊತೆಗೇ ಹರಿದು ಹೋಗಬೇಕಾದರೆ 40 ಇಂಚಿಗೆ ಒಂದು ಇಂಚಿನಷ್ಟು ಇಳಿಜಾರು ಕೊಡುವುದು ರೂಢಿ. 12 ಅಡಿಗೆ ಅದು ಮೂರೂವರೆ ಇಂಚು ದಾಟುತ್ತದೆ. ಅದರ ಮೇಲೆ ಪೈಪಿನ ದಪ್ಪ, ಟ್ರಾಪಿನ (ವಾಸನೆ ತಡೆಯಲು ಸದಾ ನೀರು ನಿಲ್ಲುವ ಬಾಗಿದ ಭಾಗ) ಆಳ, ಹಾಸು ಗಾರೆ, ಟೈಲ್ಸ್ ಎಲ್ಲ ಸೇರಿದರೆ ನೆಲವನ್ನು ಒಂದು ಅಡಿಗೂ ಹೆಚ್ಚು ಎತ್ತರಿಸಬೇಕು. ಬಚ್ಚಲಿಗೆಂದೇ ಕಟ್ಟಿದ ಜಾಗದಲ್ಲಿ ಮೋಲ್ಡನ್ನೇ (ನೆಲದ ಕಾಂಕ್ರೀಟ್ ಚಪ್ಪಡಿಯನ್ನು) ಒಂದು ಅಡಿ, ಒಂದೂವರೆ ಅಡಿ ತಗ್ಗಿಸಿರುತ್ತಾರೆ, ಪೈಪೆಲ್ಲ ಆ ತಗ್ಗಿನಲ್ಲೇ ಅಡಗುತ್ತದೆ. ಮಲಗುವ ಕೋಣೆಯ ಮೋಲ್ಡಿಗೆ ಆ ತಗ್ಗು ಇರುವುದಿಲ್ಲ. ಇಲ್ಲಿ ಮೇಸ್ತ್ರಿ ಮೆಟ್ಟಿಲು ಬಹಳ ಎತ್ತರವಾಗುತ್ತದೆ ಎಂದು 10 ಇಂಚಿಗೆ ನಿಲ್ಲಿಸಿ, 12 ಅಡಿ ಪೈಪಿಗೆ ಒಂದೇ ಇಂಚು ಇಳಿಜಾರು ಕೊಟ್ಟಿದ್ದ. ಮೂರನೇ ತಿಂಗಳಿಂದಲೇ ಕಟ್ಟಿಕೊಳ್ಳತೊಡಗಿತು. ಪ್ಲಂಬರು ಸ್ಪ್ರಿಂಗ್ ಹಾಕಿ ತಳ್ಳಿ ತಳ್ಳಿ ಬಿಡಿಸಿದ. ಆ ಹೊಡೆತಕ್ಕೆ ನೆಲದೊಳಗಿನ ಒಂದು ಜಾಯಿಂಟ್ ಸಡಿಲಾದದ್ದು ಒಡೆದಾಗಲೇ ಗೊತ್ತಾಗಿದ್ದು.

ಇನ್ನು ಭಾರ. ಜನ ಯೋಚಿಸದೇ ಹೋಗುವುದು ಇದನ್ನೇ, ನಮಗೆ ಹೆಚ್ಚು ಭಯ ಹುಟ್ಟಿಸುವುದೂ ಇದೇ. ವಾಸದ ಕೋಣೆಯ ಮೋಲ್ಡಿಗೆ ಅದರ ಸ್ವಂತ ತೂಕ, ನೆಲಹಾಸು ಬಿಟ್ಟು ಚದರ ಮೀಟರಿಗೆ ಸುಮಾರು 200 ಕೆ.ಜಿ. ಹೊರೆ ಎಂದು ಕಟ್ಟಡದ ಹೊರೆಗೆ ಇರುವ ಭಾರತೀಯ ಮಾನದಂಡ ಐಎಸ್ 875ರ ಲೆಕ್ಕದಲ್ಲಿ ವಿನ್ಯಾಸ ಮಾಡುತ್ತಾರೆ. 5×7 ಅಡಿ ಅಂದರೆ ಮೂರೂಕಾಲು ಚದರ ಮೀಟರ್, ಅಂದರೆ 650 ಕೆ.ಜಿ. ಆಸುಪಾಸು. ನೆಲ ಎತ್ತರಿಸಲು ಆ 10 ಇಂಚಿಗೆ ತುಂಬಿದ ಒಡೆದ ಇಟ್ಟಿಗೆ, ಹಳೇ ಗಾರೆಯೇ 1,400 ಕೆ.ಜಿ. ಹತ್ತಿರ, ಅದೂ ಒಣಗಿದ್ದಾಗ. ಹೊಸದಾಗಿ ಎಬ್ಬಿಸಿದ ಎರಡು ಗೋಡೆ 4 ಇಂಚಿನ ಸಾಲಿಡ್ ಬ್ಲಾಕಿನವು. ಬಾಗಿಲಿನ ಜಾಗ ಕಳೆದರೂ ಎರಡು ಟನ್ನಿಗೂ ಮೇಲೆ. ಕೆಳಗೆ ಬೀಮ್ ಇದ್ದರೆ ಆ ಗೋಡೆಯ ಭಾರ ಬೀಮಿಗೆ ಹೋಗುತ್ತಿತ್ತು. ಇಲ್ಲಿ ನಿಂತದ್ದು ಬರೀ ಮೋಲ್ಡಿನ ಮೇಲೆ.

ಮೋಲ್ಡ್ ಕುಸಿದು ಬೀಳಲಿಲ್ಲ. ಸ್ವಲ್ಪ ಬಾಗಿತು, ಅಷ್ಟೇ. ಆದರೆ ಬಾಗಿದಾಗ ಗೋಡೆಯೂ ನೆಲವೂ ಸೇರುವ ಗೆರೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಬಚ್ಚಲಿನ ನೀರು ಮೊದಲು ಹುಡುಕುವುದು ಆ ಗೆರೆಯನ್ನೇ. ಹಾಗಾಗಿ ಭಾರ ಬೇರೆ, ಸೋರಿಕೆ ಬೇರೆ ಎಂದು ತಿಳಿಯಬೇಡಿ.

ವಾಟರ್‌ಪ್ರೂಫಿಂಗ್ ಮಾಡಿಸಿದ್ದೇವೆ ಎಂದೇ ಮನೆಯವರು ನಂಬಿದ್ದರು. ಮಾಡಿದ್ದು ಸಿಮೆಂಟ್ ಮೂಟೆಗೆ 200 ಎಂ.ಎಲ್. ಲಿಕ್ವಿಡ್ ಬೆರೆಸಿ ಗಾರೆ ಹಾಕಿದ್ದು ಮಾತ್ರ. ಆ ಲಿಕ್ವಿಡ್ ಗಾರೆಯ ಸಣ್ಣ ರಂಧ್ರಗಳನ್ನು ಕಡಿಮೆ ಮಾಡುತ್ತದೆ. ಬಿರುಕನ್ನು, ಪೈಪಿನ ಸುತ್ತಲಿನ ಸಂದನ್ನು ಮುಚ್ಚುವುದು ಅದರ ಕೈಯಲ್ಲಾಗದ ಕೆಲಸ. ಟೈಲ್ಸ್ ಕೂಡ ನೀರನ್ನು ತಡೆಯುವುದಿಲ್ಲ, ಸಂದಿನ ಬಿಳಿ ಸಿಮೆಂಟಿನಿಂದ ನೀರು ದಿನವೂ ಒಳಗಿಳಿಯುತ್ತದೆ. ಕೆಳಗೆ ತುಂಬಿದ ಇಟ್ಟಿಗೆ ಚೂರು ಅದನ್ನು ಸ್ಪಂಜಿನ ಹಾಗೆ ಹೀರಿಕೊಳ್ಳುತ್ತಾ ಹೋಗುತ್ತದೆ. ಎಂಟು ತಿಂಗಳು ಏನೂ ಕಾಣದಿದ್ದದ್ದು ಅದಕ್ಕೇ. ಹೀರುವಷ್ಟು ಹೀರಿದ ಮೇಲೆ ನೀರು ಮೋಲ್ಡಿನ ಬಿರುಕಿಗೆ, ಅಲ್ಲಿಂದ ಮೋಲ್ಡಿನೊಳಗೆ ಹುದುಗಿರುವ ವೈರಿಂಗ್ ಪೈಪಿಗೆ ನುಗ್ಗಿತು. ದೇವರ ಮನೆಯ ಬಲ್ಬು, ಹಾಲಿನ ಫ್ಯಾನು, ಇವೆರಡರ ಹತ್ತಿರವೇ ಒದ್ದೆ ಕಂಡದ್ದು ಈ ಕಾರಣಕ್ಕೆ. ನಿಮ್ಮ ಮನೆಯಲ್ಲೂ ದೀಪದ ಪಾಯಿಂಟಿನ ಸುತ್ತ ಒದ್ದೆ ಕಂಡರೆ ಬಣ್ಣದವನನ್ನು ಕರೆಯಬೇಡಿ. ಮೊದಲು ಆ ಸರ್ಕ್ಯೂಟಿನ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ಎಲೆಕ್ಟ್ರಿಷಿಯನ್ನನ್ನು ಕರೆಯಿರಿ, ಮೇಲಿನ ಬಚ್ಚಲಿನ ಬಳಕೆ ನಿಲ್ಲಿಸಿ. ತಡಮಾಡಿದರೆ ಮೋಲ್ಡಿನ ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬುತ್ತದೆ, ಕೆಳಗಿನ ಕಾಂಕ್ರೀಟ್ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಈ ಮನೆಯಲ್ಲಿ ಎರಡು ಕಡೆ ಅಷ್ಟರಮಟ್ಟಿಗೆ ಹೋಗಿತ್ತು.

ಹಾಗಾದರೆ ಕಟ್ಟಿಸಲೇಬಾರದೇ? ರೂಮಿಗೆ ಹೊಂದಿಕೊಂಡ ಬಚ್ಚಲು ಮೊದಲೇ ಇದ್ದರೆ ಅದನ್ನೇ ಉಳಿಸಿಕೊಳ್ಳಿ, ಅದರಷ್ಟು ಕ್ಷೇಮ ಬೇರೆ ಇಲ್ಲ. ಹೊಸದು ಬೇಕೇ ಬೇಕೆಂದರೆ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ಮನೆ ತೋರಿಸಿ. ಈ ತೀರ್ಮಾನ ಮೇಸ್ತ್ರಿಯದಲ್ಲ. ಬಚ್ಚಲು ಹೊರಗೋಡೆಗೆ ಅಂಟಿಕೊಂಡೇ ಬರಬೇಕು. 'ಪಿ ಟ್ರಾಪ್' ಕಮೋಡ್ ತಂದರೆ ಅದರ ಬಾಯಿ ನೆಲಕ್ಕೆ ಇಳಿಯುವುದಿಲ್ಲ, ನೆಲದಿಂದ ಸುಮಾರು 7 ಇಂಚು ಮೇಲೆ ಹಿಂದಿನ ಗೋಡೆ ತೂರಿ ನೇರ ಹೊರಗಿನ ಪೈಪಿಗೆ ಸೇರುತ್ತದೆ. ಆಗ ಎತ್ತರಿಸಬೇಕಾದದ್ದು ಸ್ನಾನದ ನೀರು ಹೋಗುವ ನಹಾನಿ ಟ್ರಾಪಿನ ಮಟ್ಟಿಗೆ ಮಾತ್ರ, ಆಳ ಕಡಿಮೆ ಇರುವ ಟ್ರಾಪ್ ಆರಿಸಿಕೊಂಡರೆ ನಾಲ್ಕೈದು ಇಂಚಿನಲ್ಲಿ ಮುಗಿಯುತ್ತದೆ. ಟ್ರಾಪಿನಲ್ಲಿ 50 ಎಂ.ಎಂ. ನೀರು ಸದಾ ನಿಲ್ಲುವಂತಿರಬೇಕು, ಇಲ್ಲದಿದ್ದರೆ ಮೋರಿಯ ವಾಸನೆ ರೂಮಿಗೆ ಬರುತ್ತದೆ. ಗೋಡೆಗೆ ಹಗುರವಾದ ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆಗಳಿರುವ ಕಾಂಕ್ರೀಟ್ ಇಟ್ಟಿಗೆ) ಬಳಸಿ, ಸಾಲಿಡ್ ಬ್ಲಾಕಿನ ಮೂರನೇ ಒಂದು ಭಾಗದಷ್ಟು ತೂಕ. ತುಂಬುವುದಕ್ಕೆ ಒಡೆದ ಇಟ್ಟಿಗೆ ಬೇಡ, ಹಗುರ ಕಾಂಕ್ರೀಟ್ ಹಾಕಿಸಿ.

ವಾಟರ್‌ಪ್ರೂಫಿಂಗ್ ವಿಷಯದಲ್ಲಿ ಎದುರಿಗೆ ನಿಂತು ಮಾಡಿಸಿ. ಹಳೇ ನೆಲಹಾಸು ಕಿತ್ತು ಮೋಲ್ಡ್ ಕಾಣುವವರೆಗೆ ಕ್ಲೀನ್ ಮಾಡಬೇಕು. ಗೋಡೆ-ನೆಲ ಸೇರುವಲ್ಲೆಲ್ಲ ಗಾರೆಯಿಂದ ಎರಡು ಇಂಚಿನ ದುಂಡು ಮೂಲೆ. ಪೈಪ್ ತೂರುವ ಕಡೆ ಕುಗ್ಗದ ಗ್ರೌಟ್ (ಸಂದು ತುಂಬುವ ಗಾರೆ). ಆಮೇಲೆ ಪಾಲಿಮರ್ ಬೆರೆತ ಸಿಮೆಂಟ್ ಕೋಟಿಂಗ್ ಎರಡು ಸಲ, ಮೊದಲನೆಯದು ಉದ್ದಕ್ಕೆ, ಅದು ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ. ಮೂಲೆಗಳಲ್ಲಿ ನಡುವೆ ಫೈಬರ್ ಬಲೆ. ಗೋಡೆಗೆ ಒಂದು ಅಡಿ ಎತ್ತರ, ಶವರ್ ಇರುವ ಕಡೆ ಆರು ಅಡಿ. ತುಂಬುವ ಮುಂಚೆ ಮೋಲ್ಡಿನ ಮಟ್ಟದಲ್ಲೇ ಹೊರಗೋಡೆಗೆ ಒಂದು ಇಂಚಿನ ಪೈಪ್ ಇಟ್ಟುಬಿಡಿ. ಮುಂದೆ ಎಂದಾದರೂ ಒಳಗೆ ನೀರು ಸೇರಿದರೆ ಆ ಪೈಪಿನ ತುದಿಯಲ್ಲಿ ಹನಿ ಕಾಣುತ್ತದೆ, ದೇವರ ಮನೆಯಲ್ಲಿ ಅಲ್ಲ.

ಕೋಟಿಂಗ್ ಒಣಗಿದ ಮೇಲೆ ಆ ಪೈಪನ್ನೂ ಟ್ರಾಪನ್ನೂ ಬಿಗಿಯಾಗಿ ಮುಚ್ಚಿ, ಮೂರು ಇಂಚು ನೀರು ನಿಲ್ಲಿಸಿ, ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು 48ರಿಂದ 72 ಗಂಟೆ ಬಿಡಬೇಕು. ಕೆಳಗಿನ ಚಾವಣಿಯನ್ನು ಬೆಳಿಗ್ಗೆ ಸಂಜೆ ಕೈಯಿಂದ ಮುಟ್ಟಿ ನೋಡಿ. ಕೆಲಸಗಾರರು ಒಂದು ರಾತ್ರಿ ಸಾಕು ಅನ್ನುತ್ತಾರೆ, ಒಪ್ಪಬೇಡಿ. ಟೈಲ್ಸ್ ಹಾಕುವ ಮುಂಚೆ ಇನ್ನೊಂದು ಸಲ ಇದೇ ಪರೀಕ್ಷೆ. ಕೊನೆಯ ಕಂತಿನ ದುಡ್ಡು ಅದಾದ ಮೇಲೆಯೇ ಕೊಡಿ. ಟೈಲ್ಸ್ ಸಂದಿಗೆ ಎಪಾಕ್ಸಿ ಗ್ರೌಟ್.

ವೈರಿಂಗಿನಲ್ಲೂ ಈ ಮನೆಯಲ್ಲಿ ತಪ್ಪಾಗಿತ್ತು. ಗೀಸರಿಗೆ, ಇಂಡಕ್ಷನ್ ಒಲೆಗೆ ರೂಮಿನ ಹಳೇ ದೀಪದ ಲೈನಿನಿಂದಲೇ ಕವಲು ತೆಗೆದಿದ್ದರು. ಅದು ಒಂದೂವರೆ ಚದರ ಎಂ.ಎಂ. ವೈರು. 2,000 ವ್ಯಾಟಿನ ಗೀಸರೂ ಅಷ್ಟೇ ವ್ಯಾಟಿನ ಒಲೆಯೂ ಒಟ್ಟಿಗೆ ಓಡಿದರೆ 17 ಆಂಪಿಯರ್ ಮೀರುತ್ತದೆ, ವೈರು ಬಿಸಿಯಾಗಿ ಕವಚ ಕೆಡತೊಡಗುತ್ತದೆ. ಎರಡಕ್ಕೂ ಡಿಬಿಯಿಂದ (ಮನೆಯ ಎಂಸಿಬಿಗಳಿರುವ ಪೆಟ್ಟಿಗೆಯಿಂದ) ಬೇರೆ ಬೇರೆ ಲೈನ್ ಎಳೆಸಿ, 4 ಚದರ ಎಂ.ಎಂ. ತಾಮ್ರದ ವೈರು, 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್, ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ. ಕರೆಂಟ್ ಉಳಿಸಲು ಬಚ್ಚಲೊಳಗೆ ಗ್ಯಾಸ್ ಗೀಸರ್ ಮಾತ್ರ ಹಾಕಿಸಬೇಡಿ. ಮುಚ್ಚಿದ ಬಚ್ಚಲಿನಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡು ಸ್ನಾನಕ್ಕೆ ಹೋದವರು ಹೊರಗೆ ಬರದೇ ಹೋದ ಸಾವುಗಳು ನಮ್ಮ ರಾಜ್ಯದಲ್ಲಿ ಆಗಿವೆ. ಅದಕ್ಕೆ ವಾಸನೆ ಇಲ್ಲ, ಕಣ್ಣಿಗೆ ಕಾಣುವುದೂ ಇಲ್ಲ.

ಮೀಟರು ಒಂದೇ ಇದ್ದರೆ ಗೃಹಜ್ಯೋತಿಯ ಲೆಕ್ಕವನ್ನೂ ಹಾಕಿ. ಇಬ್ಬರ ಸ್ನಾನ, ಎರಡು ಹೊತ್ತಿನ ಅಡಿಗೆ ಕರೆಂಟಿನಲ್ಲೇ ಆದರೆ ಬಾಡಿಗೆಯವರದ್ದೇ ತಿಂಗಳಿಗೆ ನೂರು ಯೂನಿಟ್ ಹತ್ತಿರ ಬರುತ್ತದೆ. ನಿಮ್ಮದೂ ಸೇರಿ 200 ಯೂನಿಟ್ ದಾಟಿದ ತಿಂಗಳು ಮೇಲಿನ ಯೂನಿಟ್‌ಗಳಿಗಷ್ಟೇ ಅಲ್ಲ, ಇಡೀ ಬಿಲ್ಲಿಗೆ ದುಡ್ಡು ಕಟ್ಟಬೇಕು. ಬಾಡಿಗೆ ಎಷ್ಟು ಎಂದು ಮಾತಾಡುವ ಮೊದಲೇ ಬೆಸ್ಕಾಂಗೆ ಬೇರೆ ಮೀಟರಿಗೆ ಅರ್ಜಿ ಹಾಕಿ.