‘ಗಾಸ್ಪ್’ ಎಂದರೆ ಯಾವ ಉಸಿರು? ಫೋನಿನ ಇಂಗ್ಲಿಷ್–ಕನ್ನಡ ನಿಘಂಟೊಂದರ ವಿಮರ್ಶೆ

ವಿಜಯಪುರದ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ನಾನು ಕಳೆದ ಜೂನ್ ತಿಂಗಳಿನಿಂದ ಫೋನಿನಲ್ಲಿ ಇಂಗ್ಲಿಷ್–ಕನ್ನಡ ನಿಘಂಟಿನ ಆ್ಯಪ್ ಒಂದನ್ನು ಬಳಸುತ್ತಿದ್ದೇನೆ. ವರ್ಷಕ್ಕೆ 299 ರೂಪಾಯಿ ಚಂದಾ. ನೆಟ್‌ವರ್ಕ್ ಇಲ್ಲದ ಕಡೆಯೂ ತೆರೆದುಕೊಳ್ಳುತ್ತದೆ, ಅಕ್ಷರಗಳು ದೊಡ್ಡದಾಗಿವೆ, ಉಚ್ಚಾರಣೆಯೂ ಸ್ಪಷ್ಟವಾಗಿದೆ. ಆದರೆ ನಿಘಂಟಿನ ಯೋಗ್ಯತೆ ತಿಳಿಯುವುದು ಮೇಜು, ಕುರ್ಚಿಯಂಥ ಪದಗಳಲ್ಲಲ್ಲ. ಮೈಯ ಸಣ್ಣ ಚಲನೆಗಳನ್ನು ಹೇಳುವ ಕ್ರಿಯಾಪದಗಳಲ್ಲಿ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಇದೇ ಆ್ಯಪ್ ನೋಡಿ, ಹಾವು ಕಂಡ ಹೆಂಗಸು ‘ಗಾಸ್ಪ್’ ಮಾಡಿದ ವಾಕ್ಯವನ್ನು ‘ಹಾವನ್ನು ಕಂಡು ಅವಳು ನಿಟ್ಟುಸಿರು ಬಿಟ್ಟಳು’ ಎಂದು ಬರೆದು ತಂದಾಗ, ತಪ್ಪು ಅವಳದಲ್ಲವೆಂದು ನನಗೆ ಗೊತ್ತಾಯಿತು.

ಆ ಪದಕ್ಕೆ ಆ್ಯಪ್ ಕೊಡುವ ಅರ್ಥಗಳು ನಾಲ್ಕು: ಏದುಸಿರು ಬಿಡು, ತೇಕು, ಉಸಿರುಗಟ್ಟು, ನಿಟ್ಟುಸಿರು ಬಿಡು. ಯಾವುದು ಎಲ್ಲಿಗೆ ಹೊಂದುತ್ತದೆಂಬ ಸೂಚನೆಯೇ ಇಲ್ಲ. ಗಾಸ್ಪ್ ಎಂದರೆ ಬೆಚ್ಚಿದಾಗ, ನೋವಾದಾಗ ಅಥವಾ ಗಾಳಿ ಸಾಲದಾದಾಗ ಬಾಯಿ ತೆರೆದು, ಸದ್ದಾಗುವಂತೆ, ಥಟ್ಟನೆ ಉಸಿರನ್ನು ಒಳಗೆ ಎಳೆದುಕೊಳ್ಳುವುದು. ಆಕಳಿಸು ಎಂಬ ಅರ್ಥದ ಹಳೆಯ ನಾರ್ಸ್ ಭಾಷೆಯ ‘ಗೈಸ್ಪ’ ಎಂಬ ಪದ ಇದರ ಮೂಲ. ತೆರೆದ ಬಾಯಿಯ ಚಿತ್ರ ಅಲ್ಲಿಯೇ ಇದೆ. ನಿಟ್ಟುಸಿರಾದರೋ ಹೊರಗೆ ಬಿಡುವಂಥದ್ದು, ಅಂದರೆ ದಿಕ್ಕೇ ತಿರುಗಾಮುರುಗಾ.

ಮಕ್ಕಳಿಗೆ ನಾನು ಗೋಳಗುಮ್ಮಟವನ್ನು ನೆನಪಿಸುತ್ತೇನೆ. ಮೂಲೆಯ ಗೋಪುರದ ಏಳು ಅಂತಸ್ತುಗಳ ಕಡಿದಾದ ಮೆಟ್ಟಿಲು ಹತ್ತುವಾಗ ದಮ್ಮು ಹತ್ತಿ ಒಂದೇ ಸಮನೆ ಬಿಡುವುದು ಏದುಸಿರು. ಇಂಗ್ಲಿಷಿನಲ್ಲಿ ಅದು ‘ಪ್ಯಾಂಟ್’. ಮೇಲೆ ಪಿಸುಗುಟ್ಟುವ ಗ್ಯಾಲರಿಗೆ ಕಾಲಿಟ್ಟು, ಕೆಳಗಿನ ಆಳವನ್ನು ಮೊದಲ ಸಲ ಇಣುಕಿದಾಗ ‘ಹಾ!’ ಎಂದು ಎದೆಯೊಳಕ್ಕೆ ಸೇರುವ ಆ ಒಂದೇ ಉಸಿರು ಗಾಸ್ಪ್. ಭಯದಿಂದಾದರೆ ‘ಹೌಹಾರಿದರು’ ಎಂಬ ಸೊಗಸಾದ ಪದ ನಮ್ಮಲ್ಲಿದೆ. ಆ್ಯಪ್ ಅದನ್ನು ಮುಟ್ಟಿಯೇ ಇಲ್ಲ.

ಈ ಪದದ ಜೊತೆ ಬರುವ ಸಣ್ಣ ಪದಗಳನ್ನೂ ಹೇಳಬೇಕಿತ್ತು. ಕಂಡ ವಸ್ತುವಿನ ಮುಂದೆ ‘ಆ್ಯಟ್’, ಭಾವದ ಮುಂದೆ ‘ಇನ್’ ಅಥವಾ ‘ವಿತ್’, ಬೇಕಾದದ್ದರ ಮುಂದೆ ‘ಫಾರ್’ ಬರುತ್ತದೆ. ಇಂಗ್ಲೆಂಡಿನವರು ಮಾತಿನಲ್ಲಿ ‘ಗಾಸ್ಪಿಂಗ್ ಫಾರ್ ಅ ಕಪ್ ಆಫ್ ಟೀ’ ಎಂದರೆ ಅದು ಚಹಾದ ತಲಬು, ನಮ್ಮ ಕಡೆಯ ‘ಚಾಕ್ಕ ಜೀವ ಚಡಪಡಸಾಕತ್ತೈತಿ’ ಎಂಬ ಮಾತು. ‘ಗಾಸ್ಪ್ ಔಟ್’ ಎಂಬುದಕ್ಕೆ ಮಾತ್ರ ಆ್ಯಪ್ ಕೊಟ್ಟ ‘ಏದುಸಿರಿನ ನಡುವೆ ತಡೆತಡೆದು ಹೇಳು’ ಎಂಬ ಅರ್ಥ ಚೆನ್ನಾಗಿದೆ, ಅದನ್ನು ಒಪ್ಪಬೇಕು.

ನನ್ನ ಮುಖ್ಯ ಆಕ್ಷೇಪ ಇರುವುದು ಬೇರೆ ಕಡೆ. ಹೃದಯ ನಿಂತು ಕುಸಿದುಬಿದ್ದ ಕೆಲವರಲ್ಲಿ ಮೊದಲ ಕೆಲವು ನಿಮಿಷ ಬಿಟ್ಟುಬಿಟ್ಟು, ಮೀನು ದಡದಲ್ಲಿ ಬಾಯಿ ಬಿಟ್ಟಂತೆ, ಉಸಿರೆಳೆತ ಕಾಣುತ್ತದೆ. ವೈದ್ಯರು ಇದಕ್ಕೂ ಗಾಸ್ಪಿಂಗ್ ಎನ್ನುತ್ತಾರೆ, ಇದನ್ನು ಸಹಜ ಉಸಿರಾಟವೆಂದು ಎಣಿಸುವುದಿಲ್ಲ. ಎಚ್ಚರವಿಲ್ಲದ ವ್ಯಕ್ತಿ ಉಸಿರಾಡದಿದ್ದರೆ ಅಥವಾ ಬರೀ ಹೀಗೆ ಬಾಯಿ ಬಿಡುತ್ತಿದ್ದರೆ, ಕೂಡಲೇ 108ಕ್ಕೆ ಕರೆ ಮಾಡಿ, ಎದೆಯ ನಡುವೆ ಗಟ್ಟಿಯಾಗಿ, ವೇಗವಾಗಿ ಒತ್ತುತ್ತಿರಬೇಕು. ಈ ಸೂಚನೆಯನ್ನು ಯಾರಾದರೂ ಇದೇ ಆ್ಯಪ್ ನೆಚ್ಚಿ ಕನ್ನಡಕ್ಕೆ ತಂದರೆ ‘ಏದುಸಿರು ಬಿಡುತ್ತಿದ್ದರೆ’ ಎಂದಾಗುತ್ತದೆ. ಓದಿದವರು ಉಸಿರಿದೆಯಲ್ಲ ಎಂದು ಸಮಾಧಾನಪಟ್ಟು, ಗಾಳಿ ಬೀಸುತ್ತ ಕುಳಿತಾರು. ಅಲ್ಲಿ ಕಳೆಯುವ ಒಂದೊಂದು ನಿಮಿಷವೂ ಜೀವದ್ದು.

ಆದ್ದರಿಂದ ಇಂಗ್ಲಿಷ್ ಪಾಠ ಓದಿ ಸ್ಥೂಲ ಅರ್ಥ ತಿಳಿಯಲು, ಉಚ್ಚಾರಣೆ ಕೇಳಿಕೊಳ್ಳಲು ಈ ಆ್ಯಪ್ ಇಟ್ಟುಕೊಳ್ಳಬಹುದು. ಅನುವಾದಕ್ಕೆ ಇದೊಂದನ್ನೇ ನೆಚ್ಚಬಾರದು. ಬೆಚ್ಚುವುದು, ಗಾಳಿಗಾಗಿ ಬಾಯಿ ಬಿಡುವುದು, ತಡೆತಡೆದು ನುಡಿಯುವುದು ಎಂದು ಮೂರು ಅರ್ಥಗಳನ್ನು ಬೇರ್ಪಡಿಸಿ, ಒಂದೊಂದಕ್ಕೂ ಉದಾಹರಣೆ ಬರೆದು ತಯಾರಕರಿಗೆ ಕಳುಹಿಸಿದ್ದೇನೆ. ಬರುವ ಜೂನ್ ಒಳಗೆ ತಿದ್ದಿದರೆ ಚಂದಾ ಮುಂದುವರಿಸುತ್ತೇನೆ.