ಟೆರೇಸ್ ಮೇಲೆ ಗ್ಯಾಸ್ ಬಾರ್ಬೆಕ್ಯೂ ಇಡುವವರೇ, ಬೆಂಕಿ ಆರಿದರೆ ತಕ್ಷಣ ಮತ್ತೆ ಹಚ್ಚಬೇಡಿ

ಗ್ಯಾಸ್ ಬಾರ್ಬೆಕ್ಯೂ ಉರಿಯುತ್ತಿರುವಾಗ ನಡುವೆ ಬೆಂಕಿ ಆರಿಹೋದರೆ, ದಯವಿಟ್ಟು ಕೂಡಲೇ ನಾಬ್ ಒತ್ತಿ ಮತ್ತೆ ಹಚ್ಚಲು ಹೋಗಬೇಡಿ. ಸಿಲಿಂಡರ್ ಬಂದ್ ಮಾಡಿ, ಎಲ್ಲ ನಾಬ್ ಆಫ್ ಮಾಡಿ, ಮುಚ್ಚಳ ಪೂರ್ತಿ ತೆರೆದಿಟ್ಟು ಐದು ನಿಮಿಷ ದೂರ ನಿಲ್ಲಿ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟಾದರೂ ನೆನಪಿಟ್ಟುಕೊಳ್ಳಿ. ಆ ಐದು ನಿಮಿಷ ಕಾಯದೆ ನನ್ನ ಮೈದುನನ ಬಲಗೈ ಮೊಣಕೈವರೆಗೆ ಸುಟ್ಟಿತು.

ನಮ್ಮ ಮನೆ ದಾವಣಗೆರೆಯ ವಿದ್ಯಾನಗರದ ಕಡೆ. ಶ್ರಾವಣ ಬಂದರೆ ನಮ್ಮಲ್ಲಿ ಮಾಂಸದಡುಗೆ ಇಲ್ಲ. ಅದಕ್ಕೆ ಮುಂಚೆ ಒಂದು ಭಾನುವಾರ ಎಲ್ಲರೂ ಸೇರೋಣ ಅಂತ ಮೈದುನ ಹೊಸ ಗ್ರಿಲ್ ತಂದಿದ್ದ. ಮೂರು ಬರ್ನರ್, ಮೇಲೆ ಗುಮ್ಮಟದಂಥ ಮುಚ್ಚಳ. ಚಿಕನ್ ಹಿಂದಿನ ರಾತ್ರಿಯೇ ಮೊಸರು, ಖಾರ, ಶುಂಠಿ-ಬೆಳ್ಳುಳ್ಳಿ ಹಚ್ಚಿಕೊಂಡು ಫ್ರಿಜ್‌ನಲ್ಲಿತ್ತು. ಮಕ್ಕಳಿಗೆ ಅಂತ ಮೆಕ್ಕೆಜೋಳದ ತೆನೆ, ಅತ್ತೆಗೆ ಬದನೆಕಾಯಿ.

ಆಷಾಢದ ಗಾಳಿ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ. ಅವತ್ತು ಟೆರೇಸ್ ಮೇಲೆ ಒಣಹಾಕಿದ್ದ ಬಟ್ಟೆ ಕ್ಲಿಪ್ ಸಮೇತ ಹಾರುತ್ತಿತ್ತು. ಗಾಳಿ ಬಡಿಯಬಾರದು ಅಂತ ಗ್ರಿಲ್ಲನ್ನು ಮೆಟ್ಟಿಲು ಕೋಣೆಯ ಗೋಡೆಗೂ ಪ್ಯಾರಾಪೆಟ್‌ಗೂ ನಡುವಿನ ಮೂಲೆಗೆ ತಳ್ಳಿದರು. ಪಕ್ಕದಲ್ಲೇ ಸಿಲಿಂಡರ್. ನೋಡಿದರೆ ಒಳ್ಳೆಯ ಜಾಗವೇ ಅನ್ನಿಸುತ್ತಿತ್ತು.

ಚಿಕನ್ ಇಟ್ಟು ಮುಚ್ಚಳ ಹಾಕಿ ಎಲ್ಲರೂ ಮಾತಿಗೆ ಕೂತರು. ಸ್ವಲ್ಪ ಹೊತ್ತಾದ ಮೇಲೆ ಮೈದುನ ಹೋಗಿ ಮುಚ್ಚಳ ಒಂದು ಗೇಣು ಎತ್ತಿ ನೋಡಿದ. "ಅತ್ತಿಗೆ, ಆರಿಹೋಗಿದೆ ನೋಡಿ" ಅಂದ. ಹಾಗೆ ಅನ್ನುತ್ತಲೇ ಕೈ ನಾಬ್ ಮೇಲೆ ಹೋಗಿತ್ತು. ಟಕ್ ಅಂತ ಕಿಡಿ ಹೊಡೆದ ಶಬ್ದ ಕೇಳಿತು. ಅದರ ಹಿಂದೆಯೇ ಭುಗ್ ಅಂತ ಇನ್ನೊಂದು. ಮುಚ್ಚಳ ಹಿಂದಕ್ಕೆ ಹೊಡೆದುಕೊಂಡು ಗೋಡೆಗೆ ಬಡಿಯಿತು. ನೀಲಿ ಬೆಂಕಿ ಗ್ರಿಲ್‌ನ ಬಾಯಿಂದ ಹೊರಬಂದು ಅವನ ಕೈ ಮೇಲೆ ಹಾದು ಹೋಯಿತು. ನೆಲದ ಹತ್ತಿರವೂ ಒಂದು ಸಲ ಬೆಂಕಿ ಹರಿದಂತೆ ಕಂಡಿತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೂದಲು ಸುಟ್ಟ ವಾಸನೆ. ಅವನ ಹುಬ್ಬು ಅರ್ಧ ಇರಲಿಲ್ಲ. ಮಕ್ಕಳು ದೂರದಲ್ಲಿದ್ದರು, ಅದೊಂದು ಪುಣ್ಯ.

ನಮ್ಮನೆಯವರು ಓಡಿಹೋಗಿ ರೆಗ್ಯುಲೇಟರ್ ಬಂದ್ ಮಾಡಿದರು. ಯಾರೋ ಟೂತ್‌ಪೇಸ್ಟ್ ತನ್ನಿ ಅಂದರು, ಯಾರೋ ಅರಿಶಿನ ಅಂದರು. ಎರಡೂ ಬೇಡ. ಸುಟ್ಟ ಜಾಗವನ್ನು ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿಗೆ ಹಿಡಿಯಬೇಕು, ಉಂಗುರ, ವಾಚ್, ಕೈದಾರ ಊದಿಕೊಳ್ಳುವ ಮೊದಲೇ ತೆಗೆಯಬೇಕು, ಐಸ್ ಇಡಬಾರದು, ಬೊಬ್ಬೆ ಒಡೆಯಬಾರದು. ಹಾಗೇ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕೈ ಈಗ ವಾಸಿಯಾಗಿದೆ, ಆದರೆ ಮಣಿಕಟ್ಟಿನ ಮೇಲೆ ಚರ್ಮದ ಬಣ್ಣ ಇನ್ನೂ ಬೇರೆಯೇ ಇದೆ.

ಮರುದಿನ ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್‌ನನ್ನು ಕರೆಸಿದೆವು. ಅವರು ಮೊದಲು ನೋಡಿದ್ದೇ ರೆಗ್ಯುಲೇಟರ್. "ಇದನ್ನ ಯಾರು ಹಾಕಿದ್ರು ಅಕ್ಕ?" ಅಂದರು. ಮೈದುನ ಗ್ರಿಲ್ ತಂದ ದಿನ ಪೇಟೆಯ ಒಂದು ಸ್ಟವ್ ಅಂಗಡಿಯವನು ಬಂದು ಫಿಟ್ ಮಾಡಿ ಹೋಗಿದ್ದ. ಮನೆ ರೆಗ್ಯುಲೇಟರ್‌ಗೆ ಉರಿ ಸಾಲಲ್ಲ ಅಂತ ಹೇಳಿ, ಹೋಟೆಲ್ ಭಟ್ಟಿಗೆ ಹಾಕುವ ಹೈ ಪ್ರೆಶರ್ ರೆಗ್ಯುಲೇಟರ್ ಕೂರಿಸಿದ್ದ. "ಏನೂ ಆಗಲ್ಲ, ಎಲ್ರೂ ಇದನ್ನೇ ಹಾಕಿಸ್ತಾರೆ" ಅಂದಿದ್ದ. ಗ್ರಿಲ್‌ಗೆ ಎಷ್ಟು ಪ್ರೆಶರ್ ಬೇಕು ಅನ್ನುವುದನ್ನು ಅದರ ಹಿಂದಿನ ತಗಡಿನ ಮೇಲೆ 30 ಮಿಲಿಬಾರ್ ಅಂತ ಸ್ಪಷ್ಟವಾಗಿ ಬರೆದಿದೆ. ನಮ್ಮ ಮನೆ ಸಿಲಿಂಡರ್‌ನ ಮಾಮೂಲಿ ರೆಗ್ಯುಲೇಟರ್ ಕೊಡುವುದೂ ಸುಮಾರು ಅಷ್ಟೇ. ಅದೇ ಸಾಕಾಗಿತ್ತು.

ಪ್ರೆಶರ್ ಜಾಸ್ತಿಯಾದರೆ ಉರಿ ಬರ್ನರ್‌ನ ತೂತಿಗೆ ಅಂಟಿಕೊಂಡು ನಿಲ್ಲುವುದಿಲ್ಲ, ಒಂದಿಷ್ಟು ಮೇಲೆದ್ದು ಭೋರ್ ಅಂತ ಸದ್ದು ಮಾಡುತ್ತಾ ಉರಿಯುತ್ತದೆ. ನೋಡಿದವರಿಗೆ ಒಳ್ಳೆ ಜೋರು ಉರಿ ಅನ್ನಿಸುತ್ತದೆ. ಆದರೆ ಅಂಥ ಉರಿ ಸಣ್ಣ ಗಾಳಿಗೂ ಪಟ್ಟನೆ ಆರಿಹೋಗುತ್ತದೆ. ಆರಿದ ಮೇಲೂ ಗ್ಯಾಸ್ ಬರುತ್ತಲೇ ಇರುತ್ತದೆ. ಉರಿ ಆರಿದರೆ ತಾನಾಗಿಯೇ ಗ್ಯಾಸ್ ನಿಲ್ಲಿಸುವ ವ್ಯವಸ್ಥೆ ಕೆಲವು ಗ್ರಿಲ್‌ಗಳಲ್ಲಿ ಇರುತ್ತದೆ, ನಮ್ಮದರಲ್ಲಿ ಇರಲಿಲ್ಲ. ಕೊಳ್ಳುವಾಗ ಮೊದಲು ಇದನ್ನು ಕೇಳಿ, ಬಣ್ಣ ಆಮೇಲೆ ನೋಡಿ.

ಟೆರೇಸ್ ಅಂದರೆ ಬಯಲು, ಗ್ಯಾಸ್ ಎಲ್ಲ ಹಾರಿಹೋಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತೇವೆ ಅಲ್ವಾ? ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಅದು ಹೊಗೆಯಂತೆ ಮೇಲೆ ಹೋಗುವುದಿಲ್ಲ, ನೀರಿನ ಹಾಗೆ ತಗ್ಗಿಗೆ ಇಳಿದು ನಿಲ್ಲುತ್ತದೆ. ಸುತ್ತ ಪ್ಯಾರಾಪೆಟ್ ಗೋಡೆ, ಒಂದು ಕಡೆ ಮೆಟ್ಟಿಲು ಕೋಣೆ. ಆ ಮೂಲೆಯಲ್ಲಿ ಗಾಳಿ ಆಡುವುದಿಲ್ಲ. ಮುಚ್ಚಳದ ಒಳಗೆ ಸ್ವಲ್ಪ, ನೆಲದ ಮೇಲೆ ಸ್ವಲ್ಪ ನಿಂತಿದ್ದ ಗ್ಯಾಸಿಗೇ ಆ ಕಿಡಿ ತಗುಲಿದ್ದು. ಗಾಳಿಯಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಗ್ಯಾಸ್ ಬೆರೆತರೆ ಸಾಕು, ಹೊತ್ತಿಕೊಳ್ಳುತ್ತದೆ. ವಾಸನೆ ಬರಲಿಲ್ವಾ ಅಂತ ಆಮೇಲೆ ಎಲ್ಲರೂ ಕೇಳಿದರು. ಗ್ಯಾಸಿಗೆ ಸ್ವಂತ ವಾಸನೆ ಇಲ್ಲ, ಸೋರಿದರೆ ಗೊತ್ತಾಗಲಿ ಅಂತಲೇ ಕೆಟ್ಟ ವಾಸನೆಯ ಮರ್ಕಾಪ್ಟಾನ್ ಸೇರಿಸಿರುತ್ತಾರೆ. ಆದರೆ ಮಸಾಲೆ, ಹೊಗೆ, ಬೀಸುಗಾಳಿ ಎಲ್ಲ ಸೇರಿದಾಗ ಮೂಗನ್ನು ನಂಬುವಂತಿಲ್ಲ. ಈ ಕಾರಣಕ್ಕೇ ನಾನು ಇದನ್ನು ಬರೆಯುತ್ತಿರುವುದು. ಮೈದುನನದು ಅಜಾಗರೂಕತೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಒಲೆ ಆರಿದರೆ ಮತ್ತೆ ಹಚ್ಚುವುದು ನಮಗೆಲ್ಲ ಕೈಗೆ ಬಂದ ಅಭ್ಯಾಸ. ಅಡುಗೆಮನೆ ಒಲೆಗೆ ಮುಚ್ಚಳ ಇಲ್ಲ, ಇದಕ್ಕೆ ಇದೆ.

ಮೆಕ್ಯಾನಿಕ್ ಇನ್ನೊಂದು ತೋರಿಸಿದರು. ಒಂದು ಬಟ್ಟಲಿನಲ್ಲಿ ಸೋಪಿನ ನೀರು ಕಲಸಿ, ಟ್ಯೂಬ್ ಸೇರುವ ಜಾಗಕ್ಕೆ ಹಚ್ಚಿ, ಗ್ರಿಲ್‌ನ ನಾಬ್ ಎಲ್ಲ ಬಂದ್ ಇಟ್ಟು ರೆಗ್ಯುಲೇಟರ್ ಮಾತ್ರ ತೆರೆದರು. ಕ್ಲಿಪ್ಪಿನ ಅಂಚಿನಲ್ಲಿ ಒಂದು ಗುಳ್ಳೆ ಹುಟ್ಟಿತು. ನಿಧಾನವಾಗಿ ಕಡಲೆ ಗಾತ್ರಕ್ಕೆ ಬೆಳೆದು ಒಡೆಯಿತು, ಅಲ್ಲೇ ಇನ್ನೊಂದು ಹುಟ್ಟಿತು. ಅಂದರೆ ಶುರುವಿನಿಂದಲೂ ಸೋರುತ್ತಿತ್ತು. ಅಂಗಡಿಯವನು ಹಾಕಿದ್ದು ಉದ್ದನೆಯ ಹಸಿರು ಪ್ಲಾಸ್ಟಿಕ್ ಟ್ಯೂಬ್, ಮೇಲೆ ಐಎಸ್‌ಐ ಗುರುತೂ ಇಲ್ಲ, ತಾರೀಖೂ ಇಲ್ಲ. ಗ್ಯಾಸ್ ಏಜೆನ್ಸಿಯಲ್ಲಿ ಕೊಡುವ ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬ್‌ನಲ್ಲಿ ಒಳಗೆ ಉಕ್ಕಿನ ತಂತಿ ಇರುತ್ತದೆ. ಒಂದೂವರೆ ಮೀಟರ್‌ಗಿಂತ ಉದ್ದ ಬೇಡ, ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಸೋಪಿನ ನೀರಿನ ಪರೀಕ್ಷೆ ಪ್ರತಿ ಸಲ ಮಾಡಿ. ಬೆಂಕಿಕಡ್ಡಿ ಗೀರಿ ನೋಡುವವರು ಈಗಲೂ ಇದ್ದಾರೆ, ಅವರನ್ನು ತಡೆಯಿರಿ.

ನಾವು ಈಗಲೂ ಗ್ರಿಲ್ ಹಚ್ಚುತ್ತೇವೆ, ಆದರೆ ಟೆರೇಸ್‌ನ ನಡುವೆ, ಗಾಳಿ ಕಡಿಮೆ ಇರುವ ಸಂಜೆ ಮಾತ್ರ. ಹಚ್ಚುವಾಗ ಮುಚ್ಚಳ ಪೂರ್ತಿ ತೆರೆದಿರುತ್ತದೆ, ಮುಖ ಪಕ್ಕಕ್ಕಿರುತ್ತದೆ. ಐದು ಸೆಕೆಂಡಿನಲ್ಲಿ ಹತ್ತಿಕೊಳ್ಳದಿದ್ದರೆ ಆಫ್ ಮಾಡಿ ಕಾಯುತ್ತೇವೆ. ಉರಿ ಹಿಡಿದ ಮೇಲೆ ಮುಚ್ಚಿ ಹತ್ತು ನಿಮಿಷ ಕಂಬಿ ಕಾಯಿಸಿದರೆ ಚಿಕನ್ ಅಂಟುವುದಿಲ್ಲ. ಒಂದು ಬರ್ನರ್ ಆಫ್ ಇಟ್ಟರೆ, ಕಪ್ಪಾಗುತ್ತಿರುವ ತುಂಡುಗಳನ್ನು ಆ ಕಡೆ ಸರಿಸಿ ಒಳಗಿನವರೆಗೆ ಬೇಯಿಸಬಹುದು. ಚಿಕನ್ ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಮೇಲೆ ಸುಟ್ಟ ಗುರುತು ಬಿದ್ದ ಮಾತ್ರಕ್ಕೆ ಬೆಂದಿದೆ ಅಂತಲ್ಲ. ಮುಚ್ಚಿದಾಗ ಒಬ್ಬರು ಹತ್ತಿರವೇ ಇದ್ದು ಎರಡು ಮೂರು ನಿಮಿಷಕ್ಕೊಮ್ಮೆ ಉರಿ ಇದೆಯಾ ನೋಡುತ್ತಾರೆ. ಕೊಬ್ಬು ತೊಟ್ಟಿಕ್ಕಿ ಬೆಂಕಿ ಎದ್ದರೆ ನೀರು ಹಾಕಬೇಡಿ, ಗ್ಯಾಸ್ ಬಂದ್ ಮಾಡಿ ಆರಲು ಬಿಡಿ. ಕೆಳಗಿನ ಎಣ್ಣೆ ಟ್ರೇ ಪ್ರತಿ ಸಲ ತೊಳೆಯಿರಿ.

ಮಳೆ ಹನಿ ಬಿತ್ತು ಅಂತ ಗ್ರಿಲ್ಲನ್ನು ಮೆಟ್ಟಿಲು ಕೋಣೆಗೋ ಹಾಲ್‌ಗೋ ಎಳೆದುಕೊಳ್ಳುವವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ. ಮುಚ್ಚಿದ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ತುಂಬಿದರೆ ವಾಸನೆಯೂ ಬರುವುದಿಲ್ಲ, ಸೂಚನೆಯೂ ಸಿಗುವುದಿಲ್ಲ. ಮಳೆ ಬಂದರೆ ಗ್ಯಾಸ್ ಬಂದ್ ಮಾಡಿ, ಉಳಿದಿದ್ದನ್ನು ಕೆಳಗೆ ತವಾ ಮೇಲೆ ಬೇಯಿಸಿಕೊಳ್ಳಿ.

ಗ್ಯಾಸ್ ಸೋರಿಕೆ ಅನುಮಾನ ಬಂದರೆ 1906ಕ್ಕೆ ಕರೆ ಮಾಡಿ, ಹಗಲು ರಾತ್ರಿ ಸಿಗುತ್ತದೆ. ಬೆಂಕಿ ಹತ್ತಿದ್ದರೆ 112 ಅಥವಾ 101. ಕರೆ ಮಾಡುವ ಮೊದಲು ಅಲ್ಲಿಂದ ದೂರ ಬನ್ನಿ.

ಆ ಅಂಗಡಿಗೆ ನಮ್ಮನೆಯವರು ಹೋಗಿ ಕೇಳಿದರು. ರೆಗ್ಯುಲೇಟರ್ ವಾಪಸ್ ತೊಗೊಳ್ಳಲಿಲ್ಲ, ನಾನು ಕೊಟ್ಟಿದ್ದೇ ಅಲ್ಲ ಅಂದುಬಿಟ್ಟ. ಫಿಟ್ ಮಾಡಿದ ದಿನ ಬಿಲ್ ಕೊಟ್ಟಿರಲಿಲ್ಲ, ಹಾಗಾಗಿ ಗ್ರಾಹಕರ ಆಯೋಗಕ್ಕೆ ಹೋಗಲು ನಮ್ಮ ಕೈಯಲ್ಲಿ ಕಾಗದವೇ ಇಲ್ಲ. ರೆಗ್ಯುಲೇಟರ್ ಆಗಲಿ, ಟ್ಯೂಬ್ ಆಗಲಿ, ನಿಮ್ಮ ಗ್ಯಾಸ್ ಏಜೆನ್ಸಿಯಲ್ಲೇ ತೊಗೊಳ್ಳಿ, ಬಿಲ್ ಕೇಳಿ ಇಸ್ಕೊಳ್ಳಿ.